ಒಂದೂವರೆ ಸೆಕೆಂಡು ಗಾಡಿ ಯಾರ ಕಂಟ್ರೋಲಿನಲ್ಲೂ ಇರುವುದಿಲ್ಲ

“ಅರವತ್ತರಾಗ ಇದ್ದೆ ಅಣ್ಣಾ, ಜಾಸ್ತಿ ಏನ್ ಇರಲಿಲ್ಲ. ಗಾಡಿ ನನ್ನ ಕಂಟ್ರೋಲ್‌ನ್ಯಾಗ ಇತ್ತು.”

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದ ನನ್ನ ಕಾಕಾನ ಮಗ ಹೇಳಿದ ಮಾತಿದು. ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯಲ್ಲಿ ಬಿದ್ದಿದ್ದ. ಹಿಂದಿನ ರಾತ್ರಿ ಮಳೆಯಾಗಿತ್ತು. ಹಿಂಗಾರಿ ಬಿತ್ತನೆಯ ಹೊತ್ತು. ಹೊಲದಿಂದ ಹತ್ತಿದ ಯಾವುದೋ ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ್ದ ಎರಿ ಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತಾ ಹೋಗಿತ್ತು. ಇವನ ಮುಂದೆ ಒಂದು ಬಸ್ಸು. ಬಸ್ಸು ಸ್ವಲ್ಪ ಪಕ್ಕಕ್ಕೆ ಸರಿದಾಗಲೇ ಮಣ್ಣು ಕಂಡಿದ್ದು. ಎರಡು ಲಾರಿ ಉದ್ದದಷ್ಟು ದೂರ ಇತ್ತು, ಅಷ್ಟೇ.

ನಾನು ಅವನನ್ನು ಬೈಯಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಅಂಥ ರಸ್ತೆಯಲ್ಲಿ ಬೈಕಿಗೆ ಕಾನೂನು ಕೊಟ್ಟ ಮಿತಿ ಗಂಟೆಗೆ 60 ಕಿ.ಮೀ. ಹೆಲ್ಮೆಟ್ ಹಾಕಿದ್ದ, ಲೈಸೆನ್ಸ್ ಇತ್ತು, ಕುಡಿದಿರಲಿಲ್ಲ. ಯಾವ ಕಾನೂನನ್ನೂ ಮುರಿದಿರಲಿಲ್ಲ. ಆದರೂ ಬಿದ್ದ. ವೇಗದ ಮಿತಿ ಅಂದರೆ ಏನು, ಅದನ್ನು ಯಾರು ಯಾವ ಲೆಕ್ಕದಲ್ಲಿ ಇಡುತ್ತಾರೆ, ದಂಡ ಹಾಕಿದರೆ ಸಾವು ಕಡಿಮೆಯಾಗುತ್ತದೆಯೇ ಅಂತ ನಾನು ಓದಲು, ಕೇಳಲು ಶುರು ಮಾಡಿದ್ದು ಆಗಿನಿಂದ. ತಿಳಿದುಕೊಂಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ‘ಕಂಟ್ರೋಲ್’ ಅನ್ನುವ ಮಾತನ್ನೇ ನೋಡೋಣ.

ರಸ್ತೆಯಲ್ಲಿ ಕಣ್ಣಿಗೆ ಏನೋ ಬೀಳುತ್ತದೆ. ಅದು ಮಣ್ಣೋ, ನೆರಳೋ, ನಾಯಿಯೋ ಅಂತ ತಲೆಗೆ ಗೊತ್ತಾಗಬೇಕು. ಬ್ರೇಕ್ ಹಿಡಿಯಬೇಕೋ, ಪಕ್ಕಕ್ಕೆ ಎಳೆಯಬೇಕೋ ತೀರ್ಮಾನ ಆಗಬೇಕು. ಆಮೇಲೆ ಬೆರಳು ಲಿವರ್ ಮೇಲೆ ಬರಬೇಕು, ಕಾಲು ಪೆಡಲ್ ಒತ್ತಬೇಕು. ಇಷ್ಟಕ್ಕೆ ಆರೋಗ್ಯವಂತ ಮನುಷ್ಯನಿಗೆ ಒಂದರಿಂದ ಎರಡು ಸೆಕೆಂಡು ಬೇಕು. ನಾವು ಒಂದೂವರೆ ಅಂತ ಇಟ್ಟುಕೊಳ್ಳೋಣ. ಆ ಒಂದೂವರೆ ಸೆಕೆಂಡು ಗಾಡಿ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ. ಸವಾರ ಎಷ್ಟೇ ಚುರುಕಾಗಿರಲಿ, ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಏನೂ ಇರುವುದಿಲ್ಲ.

60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಒಂದೂವರೆ ಸೆಕೆಂಡಿಗೆ 25 ಮೀಟರ್. ಎರಡು ಲಾರಿ ಉದ್ದ. ನನ್ನ ತಮ್ಮನಿಗೆ ಮಣ್ಣು ಕಂಡಿದ್ದು ಅಷ್ಟೇ ದೂರದಲ್ಲಿ. ಅಂದರೆ ಅವನು ಬ್ರೇಕ್ ಹಿಡಿಯುವ ಹೊತ್ತಿಗೆ ಗಾಡಿ ಆಗಲೇ ಮಣ್ಣಿನ ಮೇಲಿತ್ತು.

ಬ್ರೇಕ್ ಹಿಡಿದ ಮೇಲೂ ಗಾಡಿ ತಕ್ಷಣ ನಿಲ್ಲುವುದಿಲ್ಲ, ಅಲ್ವಾ. ಒಣ ಡಾಂಬರು, ಒಳ್ಳೆಯ ಟೈರು, ಸರಿಯಾದ ಬ್ರೇಕ್ ಇದ್ದರೆ 40ರ ವೇಗಕ್ಕೆ ಇನ್ನೂ 10 ಮೀಟರ್, 60ಕ್ಕೆ 23 ಮೀಟರ್, 80ಕ್ಕೆ 41 ಮೀಟರ್ ಬೇಕಾಗುತ್ತದೆ. ತಲೆಗೆ ಬೇಕಾದ ಹೊತ್ತಿನ ದೂರವನ್ನೂ ಕೂಡಿಸಿದರೆ, 40ರಲ್ಲಿ ಇರುವವನು ನಿಲ್ಲುವುದು 27 ಮೀಟರಿಗೆ, 60ರವನು 48ಕ್ಕೆ, 80ರವನು 74ಕ್ಕೆ. ಗಾಡಿಯ ಮೀಟರಿನಲ್ಲಿ 40ಕ್ಕೂ 80ಕ್ಕೂ ಇರುವುದು ಎರಡರಷ್ಟು ವ್ಯತ್ಯಾಸ. ರಸ್ತೆಯ ಮೇಲೆ ಅದು ಹತ್ತಿರ ಹತ್ತಿರ ಮೂರರಷ್ಟು.

ಇದಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಇನ್ನೊಂದು ಲೆಕ್ಕ. ಉಣಕಲ್ ಕೆರೆಯ ಮುಂದೆ ಇಬ್ಬರು ಗೆಳೆಯರು ಅಕ್ಕಪಕ್ಕದಲ್ಲಿ ಹೊರಟಿದ್ದಾರೆ ಅಂದುಕೊಳ್ಳಿ. ಒಬ್ಬ 40, ಇನ್ನೊಬ್ಬ ಅವನನ್ನು ಹಿಂದೆ ಹಾಕುತ್ತಾ 60. ಸರಿಯಾಗಿ 27 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಓಡಿ ಬರುತ್ತದೆ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. 40ರವನು ಮಗುವಿನ ಮುಂದೆ ಬಂದು ನಿಲ್ಲುತ್ತಾನೆ. 60ರವನು? ಅವನ ವೇಗ ಆ ಜಾಗದಲ್ಲಿ 20 ಇರಬಹುದು, ಹೆಚ್ಚಿರುವುದೇ 20 ತಾನೇ ಅಂತ ಬಹಳ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವನು ಆಗಷ್ಟೇ ಬ್ರೇಕ್ ಮುಟ್ಟಿ ಎರಡು ಮೀಟರ್ ಆಗಿರುತ್ತದೆ. ಮಗುವಿಗೆ ಬಡಿಯುವಾಗ ಅವನ ವೇಗ ಸುಮಾರು 57. ಒಬ್ಬನ ಪಾಲಿಗೆ ಎದೆ ಹೊಡೆದುಕೊಂಡು ನಿಟ್ಟುಸಿರು ಬಿಟ್ಟ ಗಳಿಗೆ, ಇನ್ನೊಬ್ಬನ ಪಾಲಿಗೆ ಜೀವಮಾನದ ನೋವು.

ಬಡಿತದ ಜೋರು ಕೂಡ ವೇಗದ ಜೊತೆ ಸಮನಾಗಿ ಏರುವುದಿಲ್ಲ. ವೇಗ ಒಂದೂವರೆ ಪಟ್ಟಾದರೆ ಪೆಟ್ಟಿನ ಶಕ್ತಿ ಎರಡೂ ಕಾಲು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಎತ್ತರದ ಲೆಕ್ಕದಲ್ಲಿ ಹೇಳುವುದಾದರೆ, 40ರಲ್ಲಿ ಗೋಡೆಗೆ ಗುದ್ದುವುದು ಆರು ಮೀಟರ್ ಮೇಲಿನಿಂದ, ಅಂದರೆ ಎರಡು ಅಂತಸ್ತಿನ ಮಾಳಿಗೆಯಿಂದ ಬಿದ್ದ ಹಾಗೆ. 60 ಅಂದರೆ 14 ಮೀಟರ್, ಹತ್ತಿರ ಹತ್ತಿರ ಐದು ಅಂತಸ್ತು. 80 ಅಂದರೆ ಎಂಟು ಅಂತಸ್ತು. ಕಾರಿನವನಿಗೆ ಸುತ್ತ ತಗಡು, ಬೆಲ್ಟು, ಏರ್‌ಬ್ಯಾಗ್ ಇದೆ. ಬೈಕಿನವನಿಗೆ ಮೈಮೇಲಿನ ಅಂಗಿ ಇದೆ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಅದರಲ್ಲಿ ಶೇ. 44.5ರಷ್ಟು ಜನ ಬೈಕ್, ಸ್ಕೂಟರ್ ಮೇಲಿದ್ದವರು. ಯಾವುದೇ ವರ್ಗಕ್ಕಿಂತ ಜಾಸ್ತಿ. ಮೂರರಲ್ಲಿ ಎರಡರಷ್ಟು ಅಪಘಾತ ಆಗಿದ್ದು ತಿರುವಿನಲ್ಲೂ ಅಲ್ಲ, ಸೇತುವೆಯಲ್ಲೂ ಅಲ್ಲ, ನೇರ ರಸ್ತೆಯಲ್ಲಿ.

ಈ ಮಿತಿ ಯಾರ ಅಳತೆ?

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಬೈಕಿಗೆ ಇಟ್ಟ ಗರಿಷ್ಠ ವೇಗ ಹೀಗಿದೆ. ನಡುವೆ ಡಿವೈಡರ್ ಇರುವ ನಾಲ್ಕು ಲೇನ್ ಹೆದ್ದಾರಿಯಲ್ಲಿ 80, ನಗರದ ಒಳಗೆ 60, ಉಳಿದ ರಸ್ತೆಗಳಲ್ಲೂ 60. ಕಾರಿಗೆ ಅದೇ ಜಾಗಗಳಲ್ಲಿ 100, 70 ಮತ್ತು 70. ಇದು ಮೇಲಿನ ಗೆರೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಯಾವುದೇ ರಸ್ತೆಗೆ ಇದಕ್ಕಿಂತ ಕಡಿಮೆ ಮಿತಿ ಇಡಬಹುದು. ಶಾಲೆಯ ಮುಂದೆ 30 ಅಂತ ಬೋರ್ಡ್ ನೆಟ್ಟಿದ್ದರೆ ಅಲ್ಲಿ 30ರದೇ ಕಾನೂನು.

ಮಿತಿ ಇಡುವುದರಲ್ಲಿ ಎರಡು ಪಂಥಗಳಿವೆ. ವಾದ ಎಲ್ಲ ಶುರುವಾಗುವುದು ಇಲ್ಲಿಂದಲೇ.

ಹಳೆಯ ಪಂಥ ರಸ್ತೆ ಎಂಜಿನಿಯರುಗಳದು. ಒಂದು ರಸ್ತೆಯಲ್ಲಿ ಅಡ್ಡಿ ಇಲ್ಲದೆ ಹೋಗುವ ನೂರು ಗಾಡಿಗಳ ವೇಗ ಅಳೆಯಿರಿ. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆಯಿರಿ. 85ನೆಯ ಗಾಡಿಯ ವೇಗ ಎಷ್ಟಿದೆಯೋ ಅದರ ಆಸುಪಾಸಿನಲ್ಲಿ ಮಿತಿ ಇಡಿ. ಬಹಳಷ್ಟು ಜನ ತಿಳಿದವರೇ, ರಸ್ತೆಗೆ ತಕ್ಕ ಹಾಗೆ ಓಡಿಸುತ್ತಾರೆ, ಅದಕ್ಕಿಂತ ಕಡಿಮೆ ಮಿತಿ ಇಟ್ಟರೆ ಯಾರೂ ಪಾಲಿಸುವುದಿಲ್ಲ ಅನ್ನುವುದು ಇದರ ಹಿಂದಿನ ನಂಬಿಕೆ. ನಮ್ಮ ಬೈಕ್ ಸವಾರರು “ಇಷ್ಟ ಚಲೋ ರೋಡ್ ಐತಿ, ನಲವತ್ತರಾಗ ಯಾರ್ ಹೊಕ್ಕಾರ್ರಿ” ಅಂತ ಕೇಳುವುದೂ ಇದೇ ವಾದ.

ಹೊಸ ಪಂಥ ಸ್ವೀಡನ್ನಿನಿಂದ ಬಂತು. 1997ರಲ್ಲಿ ಅಲ್ಲಿನ ಸಂಸತ್ತು ‘ರಸ್ತೆಯಲ್ಲಿ ಒಂದೂ ಸಾವು ಆಗಬಾರದು’ ಅನ್ನುವ ಗುರಿಯನ್ನು ಒಪ್ಪಿಕೊಂಡಿತು. ಅವರು ರಸ್ತೆಯಿಂದ ಶುರು ಮಾಡಲಿಲ್ಲ, ಮನುಷ್ಯನ ದೇಹದಿಂದ ಶುರು ಮಾಡಿದರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪಿಗೆ ಸಾವು ಶಿಕ್ಷೆ ಆಗಬಾರದು. ಹಾಗಾದರೆ ಯಾವ ಜಾಗದಲ್ಲಿ ಯಾರಿಗೆ ಏನು ಬಡಿಯಬಹುದು, ಎಷ್ಟು ವೇಗದಲ್ಲಿ ಬಡಿದರೆ ದೇಹ ತಡೆದುಕೊಳ್ಳುತ್ತದೆ ಅಂತ ನೋಡಿ ಮಿತಿ ಇಡಬೇಕು. ಜನ ನಡೆದಾಡುವ ಕಡೆ 30. ಅಡ್ಡ ರಸ್ತೆಯಿಂದ ಗಾಡಿ ನುಗ್ಗಬಹುದಾದ ಕಡೆ ಕಾರುಗಳಿಗೆ 50. ಡಿವೈಡರ್ ಇಲ್ಲದೆ ಎದುರುಬದುರು ಓಡುವ ಕಡೆ 70. ವಿಶ್ವ ಆರೋಗ್ಯ ಸಂಸ್ಥೆಯೂ ನಗರದ ಒಳಗೆ 50ಕ್ಕಿಂತ ಹೆಚ್ಚು ಬೇಡ, ಪಾದಚಾರಿಗಳು ಬೆರೆಯುವ ಕಡೆ 30 ಅನ್ನುತ್ತದೆ. ಈ ಲೆಕ್ಕದಲ್ಲೂ 50, 70 ಎರಡೂ ಕಾರಿನ ಒಳಗೆ ಕುಳಿತವರಿಗಾಗಿ ಬಂದ ಅಂಕಿ ಅನ್ನುವುದನ್ನು ಗಮನಿಸಿ. ಬೈಕಿನವನ ದೇಹ ಪಾದಚಾರಿಯ ದೇಹಕ್ಕೆ ಹತ್ತಿರ.

ನಮ್ಮ ದೇಶದಲ್ಲಿ ಈ ಎರಡು ಪಂಥಗಳು ಕೋರ್ಟಿನಲ್ಲೇ ಎದುರಾಗಿವೆ. ದ್ವಿಚಕ್ರ ವಾಹನದ ಅಪಘಾತದಲ್ಲಿ ಬದುಕು ಕಳೆದುಕೊಂಡಷ್ಟು ಅಂಗವಿಕಲರಾದ ಒಬ್ಬ ಯುವ ದಂತವೈದ್ಯೆಯ ಪರಿಹಾರದ ಮೊಕದ್ದಮೆ ಮದ್ರಾಸ್ ಹೈಕೋರ್ಟಿಗೆ ಬಂದಿತ್ತು. ಎಂಜಿನ್ ತಂತ್ರಜ್ಞಾನ ಸುಧಾರಿಸಿದೆ, ರಸ್ತೆ ಸುಧಾರಿಸಿದೆ, ಅದಕ್ಕೇ ಮಿತಿ ಏರಿಸಿದ್ದು ಅಂತ ಸರ್ಕಾರ ಹೇಳಿತು. ಹೆಚ್ಚು ಸಾವಿಗೆ ವೇಗವೇ ಕಾರಣ ಅಂತ ನೀವೇ ಹೇಳುತ್ತೀರಿ, ಮತ್ತೆ ಮಿತಿಯನ್ನೂ ನೀವೇ ಏರಿಸುತ್ತೀರಿ, ಇದು ಹೇಗೆ ಅನ್ನುವುದು ನ್ಯಾಯಪೀಠದ ಪ್ರಶ್ನೆಯಾಗಿತ್ತು. 2021ರಲ್ಲಿ ಆ ಪೀಠ 2018ರ ಅಧಿಸೂಚನೆಯನ್ನು ರದ್ದು ಮಾಡಿ, ಮಿತಿ ಇಳಿಸಿ ಹೊಸದಾಗಿ ಹೊರಡಿಸಿ ಅಂತ ಹೇಳಿತು. ನನಗೆ ಆ ಪ್ರಶ್ನೆ ಸರಿ ಅನ್ನಿಸುತ್ತದೆ. ಎಂಜಿನ್ ಸುಧಾರಿಸಿದೆ, ನಿಜ. ನಮ್ಮ ಎಲುಬು ಅಜ್ಜನ ಕಾಲದಲ್ಲಿ ಎಷ್ಟು ಗಟ್ಟಿ ಇತ್ತೋ ಈಗಲೂ ಅಷ್ಟೇ ಇದೆ.

ಹುಬ್ಬಳ್ಳಿ-ಧಾರವಾಡದ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯನ್ನೇ ತೆಗೆದುಕೊಳ್ಳಿ. ಸುಮಾರು 20 ಕಿ.ಮೀ. ದಾರಿ. ನಡುವೆ ಚಿಗರಿ ಅನ್ನುವ ತ್ವರಿತ ಬಸ್ಸಿಗೆಂದೇ ಇಟ್ಟ ಲೇನ್, ಎರಡೂ ಬದಿಗೆ ಉಳಿದ ಗಾಡಿಗಳು. ರಸ್ತೆ ಅಗಲ, ನುಣುಪು. ನೋಡಿದರೆ 80ಕ್ಕೂ ಕೈ ಹೋಗುತ್ತದೆ. ಆದರೆ ಚಿಗರಿ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಬಸ್ ಹತ್ತುವ, ಇಳಿಯುವ ಎಲ್ಲರೂ ನಮ್ಮ ಲೇನನ್ನು ದಾಟಲೇಬೇಕು. ವಿದ್ಯಾನಗರದಲ್ಲಿ ಕಾಲೇಜು ಹುಡುಗರು, ನವನಗರದಲ್ಲಿ ಆಸ್ಪತ್ರೆಗೆ ಬಂದ ಹಳ್ಳಿಯವರು, ಸತ್ತೂರಿನಲ್ಲಿ ರೋಗಿಗಳ ಜೊತೆಗಾರರು. ರಸ್ತೆಯ ಅಗಲ ನೋಡಿದರೆ ಅದು ಹೆದ್ದಾರಿ. ದಾಟುವವರನ್ನು ನೋಡಿದರೆ ಅದು ಪೇಟೆ ಬೀದಿ. ಇಂಥ ಕಡೆ 60 ಅನ್ನುವುದು ನನ್ನ ಮಟ್ಟಿಗೆ ತಪ್ಪು ಅಂಕಿ. ನಿಲ್ದಾಣಗಳ ಮುಂದೆ 40, ಸಾಧ್ಯವಾದರೆ 30 ಇರಬೇಕು.

ಹೊತ್ತು ಎಷ್ಟು ಹಾಳಾಗುತ್ತದೆ ಅಂತ ಕೇಳುತ್ತೀರಾ? ಒಂದೂ ಸಿಗ್ನಲ್ ಇಲ್ಲದೆ ಪೂರ್ತಿ ದಾರಿ 80ರಲ್ಲಿ ಹೋದರೆ 15 ನಿಮಿಷ, 60ರಲ್ಲಿ ಹೋದರೆ 20 ನಿಮಿಷ. ಐದು ನಿಮಿಷದ ಉಳಿತಾಯ. ನಿಜವಾದ ರಸ್ತೆಯಲ್ಲಿ ಅದೂ ಸಿಗುವುದಿಲ್ಲ. ನನ್ನನ್ನು ಸುಂಯ್ ಅಂತ ದಾಟಿ ಹೋದ ಗಾಡಿ ಎಷ್ಟೋ ಸಲ ಮುಂದಿನ ಸಿಗ್ನಲ್ಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿರುತ್ತದೆ.

ಬೈಕ್ ಸವಾರರ ಕಡೆಯಿಂದ ಒಂದು ಗಟ್ಟಿ ಆಕ್ಷೇಪಣೆ ಇದೆ. ಅದನ್ನು ತಳ್ಳಿ ಹಾಕಬಾರದು. ನಾಲ್ಕು ಲೇನ್ ಹೆದ್ದಾರಿಯಲ್ಲಿ ಕಾರಿಗೆ 100, ಬೈಕಿಗೆ 80. ಒಂದೇ ರಸ್ತೆಯಲ್ಲಿ ಎರಡು ವೇಗ. ನಾನು ನಿಯಮದ ಪ್ರಕಾರ ಹೋದರೆ ಹಿಂದಿನಿಂದ ಬಂದವರು ಹಾರ್ನ್ ಹೊಡೆದು, ಮೈಗೆ ತಾಗುವಷ್ಟು ಹತ್ತಿರದಲ್ಲಿ ದಾಟುತ್ತಾರೆ, ಅವರ ಜೊತೆಗೇ ಹೋಗುವುದು ಸುರಕ್ಷಿತ ಅನ್ನಿಸುತ್ತದೆ ಅಂತ ಅವರು ಹೇಳುತ್ತಾರೆ. ಶಿಗ್ಗಾವಿ, ಬಂಕಾಪುರದ ಕಡೆ 100 ಸಿಸಿ ಗಾಡಿಯಲ್ಲಿ ಹೆದ್ದಾರಿ ಹಿಡಿದವರಿಗೆ ಈ ಭಯ ಗೊತ್ತು. ವೇಗಗಳ ನಡುವಿನ ಅಂತರ ಅಪಾಯ ಅನ್ನುವುದು ನಿಜ. ಆದರೆ ಅದಕ್ಕೆ ಉತ್ತರ ಬೈಕನ್ನು 100ಕ್ಕೆ ಏರಿಸುವುದಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ. ನಮ್ಮ ಕಡೆ ಎಷ್ಟೋ ಊರುಗಳಿಗೆ ಹೆದ್ದಾರಿಯೇ ಊರಿನ ರಸ್ತೆ, ಹೊಲದ ದಾರಿ, ಶಾಲೆಯ ದಾರಿ. ಮೊದಲು ಸರ್ವಿಸ್ ರಸ್ತೆ ಕೊಟ್ಟು, ಆಮೇಲೆ ಬೇರೆ ಮಾಡಬೇಕು.

ಹೆಲ್ಮೆಟ್ಟಿನ ಕೆಲಸವೇ ಬೇರೆ

ನಮ್ಮಲ್ಲಿ ರಸ್ತೆ ಸುರಕ್ಷತೆ ಅಂದ ಕೂಡಲೇ ಮಾತು ಹೆಲ್ಮೆಟ್ಟಿಗೆ ಬಂದು ನಿಲ್ಲುತ್ತದೆ. ಹೆಲ್ಮೆಟ್ ಬೇಕೇ ಬೇಕು. 2022ರಲ್ಲಿ ಸತ್ತವರ ಪೈಕಿ 50,029 ಮಂದಿ ಹೆಲ್ಮೆಟ್ ಹಾಕಿರಲಿಲ್ಲ. ಜಗತ್ತಿನ ಬೇರೆ ಬೇರೆ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವುದನ್ನು ಶೇ. 69ರಷ್ಟು ಕಡಿಮೆ ಮಾಡುತ್ತದೆ ಅಂತ ಕಂಡುಬಂದಿದೆ. ನನ್ನ ತಮ್ಮನ ಹೆಲ್ಮೆಟ್ ಬಲಗಡೆ ಬಿರುಕು ಬಿಟ್ಟಿತ್ತು. ತಲೆಗೆ ಏನೂ ಆಗಿರಲಿಲ್ಲ. ಆ ಹೆಲ್ಮೆಟ್ಟನ್ನು ಕಾಕು ಇನ್ನೂ ಎತ್ತಿಟ್ಟಿದ್ದಾಳೆ.

ಆದರೆ ಹೆಲ್ಮೆಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ತಿಳಿದಿರಬೇಕು. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ಜಾರಿ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ವೇಗ ಗಂಟೆಗೆ 20 ಕಿ.ಮೀ. ಆಸುಪಾಸು. ಗಾಡಿ 40ರಲ್ಲಿ ಇರಲಿ, 60ರಲ್ಲಿ ಇರಲಿ, ಮೇಲಿನಿಂದ ಕೆಳಗೆ ಬೀಳುವ ವೇಗ ಅಷ್ಟೇ. ಹೆಲ್ಮೆಟ್‌ಗಳನ್ನು ಪರೀಕ್ಷಿಸುವುದೂ ಹೆಚ್ಚು ಕಮ್ಮಿ ಇಂಥ ಬಡಿತಕ್ಕೇ. ಯುರೋಪಿನ ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಉಕ್ಕಿನ ದಿಂಡಿಗೆ ಬಡಿಸುವ ವೇಗ ಬಹಳ ಕಾಲದಿಂದ ಗಂಟೆಗೆ 27 ಕಿ.ಮೀ. ಇತ್ತು. ಅದಕ್ಕೇ ಜಾರಿ ಬಿದ್ದವರನ್ನು ಹೆಲ್ಮೆಟ್ ಅಷ್ಟು ಚೆನ್ನಾಗಿ ಕಾಪಾಡುತ್ತದೆ. ಆದರೆ 80ರಲ್ಲಿ ಹೋಗಿ ಕಬ್ಬಿನ ಟ್ರೇಲರಿನ ಹಿಂಬದಿಗೆ ಗುದ್ದಿದರೆ ತಲೆ ಬೀಳುವುದಿಲ್ಲ, ಬಡಿಯುತ್ತದೆ. ಎದೆ, ಕುತ್ತಿಗೆ, ಹೊಟ್ಟೆ ಎಲ್ಲವೂ ಅದೇ ವೇಗದಲ್ಲಿ ಬಡಿಯುತ್ತವೆ. ಅಲ್ಲಿ ಹೆಲ್ಮೆಟ್ ಮಾಡಬಹುದಾದ್ದು ಕಡಿಮೆ. ಬೀಳುವುದಕ್ಕೆ ಹೆಲ್ಮೆಟ್, ಗುದ್ದುವುದಕ್ಕೆ ವೇಗದ ಮಿತಿ. ಒಂದು ಇದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಹಾಫ್ ಹೆಲ್ಮೆಟ್ ಬಗ್ಗೆ ಒಂದೇ ಮಾತು. ಐಎಸ್‌ಐ ಗುರುತು ಇಲ್ಲದ್ದನ್ನು ಮಾರುವುದೇ 2021ರ ಜೂನ್‌ನಿಂದ ಅಪರಾಧ. ಪಟ್ಟಿ ಕಟ್ಟದ ಹೆಲ್ಮೆಟ್ ಮೊದಲ ಬಡಿತಕ್ಕೇ ಹಾರಿ ಹೋಗುತ್ತದೆ. ಹಿಂದೆ ಕೂತವರಿಗೂ ಬೇಕು, ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಒಂಬತ್ತು ತಿಂಗಳು ದಾಟಿದ, ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಮಗುವಿಗೆ ಬೆಲ್ಟು, ಹೆಲ್ಮೆಟ್ ಎರಡೂ ಬೇಕು, ವೇಗ 40 ದಾಟಬಾರದು. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಈ ನಿಯಮ ಎಷ್ಟೋ ತಂದೆತಾಯಿಗಳಿಗೆ ಗೊತ್ತೇ ಇಲ್ಲ.

ಸಿಕ್ಕೇ ಸಿಗುತ್ತೇನೆ ಅನ್ನುವ ಖಾತ್ರಿ

ನಾನು ದಿನಾ ಓಡಾಡುವ ದಾರಿಯಲ್ಲಿ ತಪಾಸಣೆ ನಡೆಯುವುದು ಹೆಚ್ಚಾಗಿ ಸರ್ಕಲ್‌ಗಳಲ್ಲಿ. ಅಲ್ಲಿ ಗಾಡಿ ಹೇಗೂ ನಿಧಾನ ಆಗಿರುತ್ತದೆ. ನಿಲ್ಲಿಸುವುದು ಸುಲಭ. ಹೆಲ್ಮೆಟ್ ಇಲ್ಲದ ತಲೆ ದೂರದಿಂದಲೇ ಕಾಣುತ್ತದೆ, ವೇಗ ಕಾಣುವುದಿಲ್ಲ. ಹೀಗಾಗಿ ಹೆಲ್ಮೆಟ್ ಕೇಸು ಜಾಸ್ತಿ, ವೇಗದ ಕೇಸು ಕಡಿಮೆ. ಜನ ಹೆಚ್ಚಾಗಿ ಸಾಯುವುದು ಸರ್ಕಲ್ಲಿನಲ್ಲಿ ಅಲ್ಲ, ಊರ ಹೊರಗಿನ ನೇರ ರಸ್ತೆಯಲ್ಲಿ.

ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಒಂದು ನಂಬಿಕೆ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಾಯ್ದೆ ದಂಡಗಳನ್ನು ಒಮ್ಮೆಲೇ ಏರಿಸಿತು. ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಜನ ಸಿಟ್ಟಿಗೆದ್ದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ದಿನಕ್ಕೆ ಐದು ನೂರು ದುಡಿಯುವವನಿಗೆ 500 ಅಂದರೂ ಒಂದು ದಿನದ ಗಂಜಿ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಇಡೀ ಗಲಾಟೆ ‘ಎಷ್ಟು’ ಅನ್ನುವುದರ ಮೇಲೆ ನಡೆಯಿತು. ‘ಎಷ್ಟು ಸಲ’ ಅನ್ನುವುದರ ಬಗ್ಗೆ ಯಾರೂ ಮಾತಾಡಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಸಲ ವೇಗವಾಗಿ ಹೋದರೆ ಒಂದು ಸಲ ಸಿಕ್ಕಿಬೀಳುತ್ತೇನೆ, ದಂಡ ಸಾವಿರ ರೂಪಾಯಿ ಅಂದುಕೊಳ್ಳಿ. ಒಂದು ಸಲದ ಬೆಲೆ ಒಂದು ರೂಪಾಯಿ ಆಯಿತು. ದಂಡವನ್ನು ಎರಡು ಸಾವಿರ ಮಾಡಿದರೆ ಎರಡು ರೂಪಾಯಿ. ಯಾರೂ ಹೆದರುವುದಿಲ್ಲ. ದಂಡ ಬರೀ ಇನ್ನೂರು ಇರಲಿ, ಹತ್ತರಲ್ಲಿ ಒಂದು ಸಲ ಖಂಡಿತ ಸಿಗುತ್ತೇನೆ ಅಂತಾದರೆ ಒಂದು ಸಲದ ಬೆಲೆ ಇಪ್ಪತ್ತು ರೂಪಾಯಿ. ಬಡವನಿಗೂ ಹೊರೆ ಕಡಿಮೆ, ಆಕ್ಸಿಲರೇಟರ್ ಮೇಲಿನ ಕೈಯೂ ತಾನಾಗಿ ಸಡಿಲ ಆಗುತ್ತದೆ.

ಇದೇ ಕಾರಣಕ್ಕೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಡುವುದು ನನಗೆ ನೋವಿನ ವಿಷಯ. 2023ರ ಫೆಬ್ರವರಿಯಲ್ಲಿ ಕೊಟ್ಟರು, 2025ರಲ್ಲಿ ಮತ್ತೆ ಕೊಟ್ಟರು. ಬಾಕಿ ವಸೂಲಾಯಿತು, ಸರಿ. ಆದರೆ ಸುಮ್ನೆ ಕಾದರೆ ಅರ್ಧ ಕಟ್ಟಿದರೆ ಸಾಕು ಅನ್ನುವ ಪಾಠವನ್ನೂ ಎಲ್ಲರೂ ಕಲಿತರು. ಅವತ್ತೇ ಕಟ್ಟಿದವನಿಗೆ ಏನು ಸಿಕ್ಕಿತು?

ವೇಗ ಹಿಡಿಯುವ ಯಂತ್ರಗಳಲ್ಲೂ ವ್ಯತ್ಯಾಸ ಇದೆ. ಒಂದು ಜಾಗದಲ್ಲಿ ನಿಂತು ಅಳೆಯುವ ಗನ್ ಅಥವಾ ಕ್ಯಾಮೆರಾ ಇದ್ದರೆ ಸವಾರರು ಅದರ ಮುಂದೆ ಬ್ರೇಕ್ ಹಿಡಿದು, ದಾಟಿದ ಕೂಡಲೇ ಮತ್ತೆ ಏರಿಸುತ್ತಾರೆ. ಎದುರು ಬರುವವರು ಲೈಟ್ ಮಿಣುಕಿಸಿ ಮುನ್ಸೂಚನೆ ಕೊಡುವುದೂ ಉಂಟು. ಇನ್ನೊಂದು ಬಗೆ ಸರಾಸರಿ ವೇಗ ಅಳೆಯುವುದು. ಹತ್ತು ಕಿ.ಮೀ. ಅಂತರದಲ್ಲಿ ಎರಡು ಕ್ಯಾಮೆರಾ. ಮೊದಲನೆಯದು ನಂಬರ್ ಪ್ಲೇಟ್ ಮತ್ತು ಹೊತ್ತು ಬರೆದುಕೊಳ್ಳುತ್ತದೆ, ಎರಡನೆಯದು ಮತ್ತೆ ಬರೆದುಕೊಳ್ಳುತ್ತದೆ. 80ರ ಮಿತಿಯಲ್ಲಿ ಹತ್ತು ಕಿ.ಮೀ. ದಾಟಲು ಏಳೂವರೆ ನಿಮಿಷ ಬೇಕು. ಆರೇ ನಿಮಿಷಕ್ಕೆ ಬಂದರೆ ಸರಾಸರಿ 100 ಓಡಿಸಿದ್ದಾನೆ. ಕ್ಯಾಮೆರಾ ಮುಂದೆ ನಿಧಾನ ಮಾಡಿ ಪ್ರಯೋಜನ ಇಲ್ಲ, ಇಡೀ ಹತ್ತು ಕಿ.ಮೀ. ನೆಟ್ಟಗೆ ಹೋಗಬೇಕು. ಹುಬ್ಬಳ್ಳಿ-ಧಾರವಾಡ ಬೈಪಾಸ್‌ಗೂ, ಹಾವೇರಿ ಜಿಲ್ಲೆಯ ಹೆದ್ದಾರಿಗೂ ಬೇಕಾದ್ದು ಇದು.

ಕ್ಯಾಮೆರಾ ಬಳಸಲು 2021ರಲ್ಲೇ ನಿಯಮ ಬಂದಿದೆ. ಕ್ಯಾಮೆರಾ ಇರುವ ಕಡೆ ಮುಂಚಿತವಾಗಿ ಬೋರ್ಡ್ ಹಾಕಿ ತಿಳಿಸಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಕಳ್ಳತನದಿಂದ ಹಿಡಿಯುವುದು ಇದರ ಉದ್ದೇಶ ಅಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಂದು ದೊಡ್ಡ ತೊಡಕಿದೆ. ಸೆಕೆಂಡ್ ಹ್ಯಾಂಡ್ ಗಾಡಿ ಮೂರು ಕೈ ಬದಲಾಗಿರುತ್ತದೆ, ಕಾಗದ ಮೊದಲನೆಯವನ ಹೆಸರಿನಲ್ಲೇ ಇರುತ್ತದೆ. ಗದಗಿನ ಹುಡುಗ ಮಾಡಿದ ತಪ್ಪಿಗೆ ನೋಟಿಸ್ ಬೆಳಗಾವಿಯ ಯಾರದೋ ಮನೆಗೆ ಹೋಗುತ್ತದೆ. ಹೆಸರು ವರ್ಗಾವಣೆ ಸುಲಭ ಆಗದೆ ಕ್ಯಾಮೆರಾ ಪೂರ್ತಿ ಕೆಲಸ ಮಾಡದು.

2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿ ಓಡಿಸಿದರೆ ಎಫ್‌ಐಆರ್ ಹಾಕುತ್ತಾರೆ. ಒಳ್ಳೆಯದೇ. ಆದರೆ 2018ರ ಅಧಿಸೂಚನೆಯಲ್ಲಿ ನಾಲ್ಕು ಲೇನ್ ಹೆದ್ದಾರಿಯಲ್ಲೂ ಬೈಕಿನ ಮಿತಿ 80. 80ಕ್ಕೂ 130ಕ್ಕೂ ನಡುವೆ ಇರುವ ಆ 50ರಲ್ಲೇ ಬಹಳಷ್ಟು ಸಾವು ಅಡಗಿದೆ. ಸ್ವೀಡನ್ನಿನ ಸಂಶೋಧಕ ನಿಲ್ಸನ್ ಕಂಡುಕೊಂಡ ಒಂದು ಸಂಬಂಧ ಇದೆ. ಒಂದು ರಸ್ತೆಯ ಸರಾಸರಿ ವೇಗ ಶೇ. 1ರಷ್ಟು ಇಳಿದರೆ ಸಾವಿನ ಅಪಘಾತ ಸುಮಾರು ಶೇ. 4ರಷ್ಟು ಇಳಿಯುತ್ತದೆ. ಎಲ್ಲರೂ 60ರ ಬದಲು 57ರಲ್ಲಿ ಹೋದರೆ ಐದರಲ್ಲಿ ಒಂದು ಸಾವು ತಪ್ಪಬಹುದು. ಬರೀ ಮೂರು ಕಿ.ಮೀ.! ಅತಿರೇಕ ಮಾಡುವ ನಾಲ್ಕು ಜನರನ್ನು ಹಿಡಿಯುವುದಕ್ಕಿಂತ ನಮ್ಮಂಥ ಸಾವಿರಾರು ಜನ ಸ್ವಲ್ಪ ಸ್ವಲ್ಪ ಇಳಿಸುವುದರಿಂದ ಹೆಚ್ಚು ಜೀವ ಉಳಿಯುತ್ತದೆ.

ರಸ್ತೆಯ ಪಾಲು

ಅಪಘಾತದ ಎಫ್‌ಐಆರ್ ಓದಿದವರಿಗೆ ‘ಅತಿವೇಗ ಮತ್ತು ನಿರ್ಲಕ್ಷ್ಯ’ ಅನ್ನುವ ಮಾತು ಪರಿಚಿತ. ಅಷ್ಟು ಬರೆದ ಮೇಲೆ ತಗ್ಗು, ಮಣ್ಣು, ದೀಪ ಇಲ್ಲದ ತಿರುವು, ಬಣ್ಣ ಬಳಿಯದ ಹಂಪ್ ಯಾವುದೂ ಕಾಗದದ ಮೇಲೆ ಉಳಿಯುವುದಿಲ್ಲ. 2022ರಲ್ಲಿ ಶೇ. 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಸರ್ಕಾರಿ ಲೆಕ್ಕ ಹೇಳುತ್ತದೆ. ಆ ಅಂಕಿಯ ಒಳಗೆ ರಸ್ತೆಯ ತಪ್ಪೂ ಎಷ್ಟೋ ಸೇರಿಕೊಂಡಿದೆ ಅಂತ ಸವಾರರು ವಾದಿಸುವುದು ಇದಕ್ಕೇ. ವಾದ ಸರಿ ಇದೆ. ವೇಗ ಕಡಿಮೆ ಇದ್ದಿದ್ದರೆ ಅದೇ ತಗ್ಗಿನಲ್ಲಿ ಬಿದ್ದವನು ಎದ್ದು ಬರುತ್ತಿದ್ದ ಅನ್ನುವುದೂ ಸರಿ ಇದೆ.

ನಮ್ಮ ಬೈಪಾಸ್ ಕಥೆ ಎಲ್ಲರಿಗೂ ಗೊತ್ತು. ಪುಣೆಯಿಂದ ಬೆಂಗಳೂರಿನವರೆಗೆ ನಾಲ್ಕು ಲೇನ್ ಆದ ಹೆದ್ದಾರಿ ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಮಾತ್ರ ವರ್ಷಾನುಗಟ್ಟಲೆ ಎರಡೇ ಲೇನ್ ಆಗಿ ಉಳಿಯಿತು. ನಡುವೆ ಡಿವೈಡರ್ ಇಲ್ಲ. 100ರಲ್ಲಿ ಬಂದವರು ಅದೇ ಗುಂಗಿನಲ್ಲಿ ಕಿರಿದಾದ ರಸ್ತೆಗೆ ನುಗ್ಗುತ್ತಿದ್ದರು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿ ಹತ್ತಿರ ಮಿನಿ ಬಸ್ಸಿಗೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ದಾವಣಗೆರೆಯ ಗೆಳತಿಯರು, ಸಂಕ್ರಾಂತಿ ಮುಗಿಸಿ ಗೋವಾಕ್ಕೆ ಹೊರಟವರು. ಆಮೇಲೆ ಆರು ಲೇನ್ ಮಾಡುವ ಕೆಲಸ ಕೈಗೆತ್ತಿಕೊಂಡರು. ಎದುರುಬದುರು ಡಿಕ್ಕಿ ಕಡಿಮೆಯಾಗುತ್ತದೆ, ಆದರೆ ವೇಗ ಏರುತ್ತದೆ. ಬೈಕಿನವರಿಗೆ ಮುಂದಿನ ಅಪಾಯ ಅದೇ.

ನಿಂತ ಗಾಡಿಯೂ ಕೊಲ್ಲುತ್ತದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ಹೆದ್ದಾರಿ ಬದಿಗೆ ನಿಂತಿದ್ದ ಲಾರಿಗೆ ಟೆಂಪೊ ಗುದ್ದಿ 13 ಜನ ತೀರಿಕೊಂಡರು. ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೋಗಿ ಭದ್ರಾವತಿಯ ಕಡೆಗೆ ಹಿಂದಿರುಗುತ್ತಿದ್ದವರು. ಕತ್ತಲಲ್ಲಿ ಹಿಂದೀಪ ಇಲ್ಲದ ಟ್ರೇಲರ್, ರಸ್ತೆ ಮೇಲೆ ಒಣ ಹಾಕಿದ ಮೆಕ್ಕೆಜೋಳದ ಸುತ್ತ ಇಟ್ಟ ಕಲ್ಲು, ಯು ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ಗಾಡಿ: ನಮ್ಮ ಭಾಗದ ಬೈಕ್ ಸವಾರನಿಗೆ ದಿನಾ ಎದುರಾಗುವುದು ಇವೇ. ಬೈಕಿನ ಹೆಡ್‌ಲೈಟ್ ಮುಂದಿನ 40-50 ಮೀಟರ್ ಮಾತ್ರ ಚೆನ್ನಾಗಿ ತೋರಿಸುತ್ತದೆ ಅಂದರೆ, ರಾತ್ರಿ 60 ದಾಟಿದವನು ತನಗೆ ಕಾಣದ ಜಾಗಕ್ಕೆ ನುಗ್ಗುತ್ತಿದ್ದಾನೆ ಅಂತಲೇ ಅರ್ಥ.

ಬೋರ್ಡ್ ಹಾಕಿದರೆ ಸಾಲದು, ರಸ್ತೆಯೇ ನಿಧಾನ ಹೋಗು ಅಂತ ಹೇಳಬೇಕು. ಊರು ಬಂದ ಕೂಡಲೇ ರಸ್ತೆ ಕಿರಿದಾಗಬೇಕು, ದೀಪ ಬರಬೇಕು, ಅಂಚು ಕಾಣಬೇಕು. ಹಂಪ್ ಹಾಕುವುದಕ್ಕೂ ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25ರ ವೇಗದಲ್ಲಿ ಆರಾಮಾಗಿ ದಾಟುವ ಹಾಗೆ. ನಮ್ಮ ಹಳ್ಳಿಗಳ ಹಂಪ್ ಗೋಡೆಯ ಹಾಗೆ ಎದ್ದಿರುತ್ತವೆ, ಬಣ್ಣ ಇರುವುದಿಲ್ಲ. ಅವುಗಳಿಂದಲೇ ಹಿಂದೆ ಕೂತ ಹೆಂಗಸರು ಬಿದ್ದಿದ್ದಾರೆ. ಆದರೂ ಆ ಊರವರನ್ನು ನಾನು ದೂರುವುದಿಲ್ಲ. ಎಷ್ಟೋ ಕಡೆ ಊರಿನ ಒಂದು ಮಗು ಸತ್ತ ಮರುದಿನ, ಯಾರನ್ನೂ ಕಾಯದೆ, ಊರವರೇ ಕಲ್ಲು ಸಿಮೆಂಟು ತಂದು ಹಾಕಿದ ಹಂಪ್ ಅದು. ಕಾಯ್ದೆಯಲ್ಲಿ 198ಎ ಅನ್ನುವ ಕಲಂ ಇದೆ. ರಸ್ತೆಯನ್ನು ಸರಿಯಾದ ಮಾನದಂಡದಂತೆ ಮಾಡದೆ ಸಾವು ನೋವಾದರೆ ಹೊಣೆ ಹೊತ್ತವರಿಗೆ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ. ಸವಾರನ ಮೇಲೆ ಕೇಸ್ ಹಾಕುವಷ್ಟೇ ಸಲೀಸಾಗಿ ಈ ಕಲಮನ್ನೂ ಬಳಸಬೇಕು.

ನನ್ನ ತಮ್ಮ ಈಗ ನಡೆಯುತ್ತಾನೆ. ಸ್ವಲ್ಪ ಕುಂಟುತ್ತಾನೆ. ಗಾಡಿ ಮತ್ತೆ ಓಡಿಸುತ್ತಾನೆ, ಮಳೆ ಬಿದ್ದ ಮರುದಿನ 40 ದಾಟುವುದಿಲ್ಲ. ಈ ಸಲ ಕಡಲೆ ಬಿತ್ತನೆಗೆ ನಾನು ಊರಿಗೆ ಹೋಗಿದ್ದೆ. ಹೊಲದಿಂದ ಡಾಂಬರ್ ರಸ್ತೆಗೆ ಹತ್ತುವ ಮುಂಚೆ ಅವನು ಟ್ರ್ಯಾಕ್ಟರ್ ನಿಲ್ಲಿಸಿದ. ಕುರ್ಪಿ ತೆಗೆದುಕೊಂಡು ಇಳಿದ. ಕಾಲು ಮಡಚಲು ಆಗದ ಕಾರಣ ಬಗ್ಗಿಕೊಂಡೇ, ನಾಲ್ಕೂ ಗಾಲಿಗೆ ಮೆತ್ತಿದ್ದ ಎರಿ ಮಣ್ಣನ್ನು ಹೆರೆದು ಬದುವಿಗೆ ಹಾಕಿದ. ಹತ್ತು ನಿಮಿಷ ಹಿಡಿಯಿತು. ಹಿಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ಪಕ್ಕದ ಹೊಲದವರು “ಎಷ್ಟೊತ್ತೋ ತಮ್ಮಾ” ಅಂತ ಕೂಗಿದರು. “ಬಂದೆರಿ ಕಾಕಾ, ಹಿಂದ ಗಾಡಿಯವ್ರು ಬರ್ತಾರ” ಅಂದ. ಅವರಿಗೂ ಆ ಕುರ್ಪಿ ಕೊಟ್ಟ.